ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟೋ, ಶಿವಮೊಗ್ಗದ ಸಿಇಟಿ ಸೀಟೋ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲೂಕಿನ ಅಡಿಕೆ ಬೆಳೆಗಾರ. ಮಗಳು ಹತ್ತನೇ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿ, ಈಗ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಐಟಿ ಕೆಲಸಕ್ಕೆ ಹೋಗಬೇಕೆಂದು ಅವಳ ಆಸೆ. ಸಿಇಟಿ ರ‍್ಯಾಂಕ್ ನೋಡಿದರೆ ಶಿವಮೊಗ್ಗದಲ್ಲಿ ಇನ್ಫರ್ಮೇಷನ್ ಸೈನ್ಸ್ ಸಿಗುವಂತಿದೆ, ಕಂಪ್ಯೂಟರ್ ಸೈನ್ಸ್ ಅನುಮಾನ. ಸಾಲ ಮಾಡಿಯಾದರೂ ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಹಿಡಿಯಿರಿ ಅಂತ ನೆಂಟರು ಹೇಳುತ್ತಿದ್ದಾರೆ. ಅವಳಿಗೆ ಇಂಗ್ಲಿಷ್ ಎಂದರೆ ಹೆದರಿಕೆ. ಮಳೆಗಾಲದಲ್ಲಿ ಮನೆಯಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಯಾವ ಲ್ಯಾಪ್‌ಟಾಪ್ ಕೊಡಿಸಬೇಕು, ನಾಲ್ಕು ವರ್ಷದಲ್ಲಿ ಅವಳು ಏನೇನು ಕಲಿಯಬೇಕು, ಮುಂದೆ ಊರಲ್ಲೇ ಕೂತು ಕೆಲಸ ಮಾಡಲು ಆಗುತ್ತದೆಯೇ ತಿಳಿಸಿ.

ಉತ್ತರ: ಶಿವಮೊಗ್ಗದ ಸೀಟನ್ನೇ ತೆಗೆದುಕೊಳ್ಳಿ. ಸಾಲ ಮಾಡಿ ಬೆಂಗಳೂರಿಗೆ ಕಳಿಸುವುದರಿಂದ ಸಿಗುವ ಲಾಭ ನೆಂಟರು ಹೇಳುವಷ್ಟು ದೊಡ್ಡದಲ್ಲ. ಕೆಲಸ ಸಿಗುವುದೂ ತಪ್ಪುವುದೂ ಹೆಚ್ಚಾಗಿ ತೀರ್ಮಾನವಾಗುವುದು ಎರಡನೇ ವರ್ಷದ ಲ್ಯಾಬ್‌ನಲ್ಲಿ. ಆ ಲ್ಯಾಬ್ ಶಿವಮೊಗ್ಗದ ನವುಲೆಯಲ್ಲಿದ್ದರೂ ಒಂದೇ, ಬೆಂಗಳೂರಿನ ಯಲಹಂಕದಲ್ಲಿದ್ದರೂ ಒಂದೇ.

ಮೊದಲು ಬ್ರಾಂಚ್ ವಿಷಯ. ಬೇರೆ ರಾಜ್ಯಗಳಲ್ಲಿ ಇನ್ಫರ್ಮೇಷನ್ ಟೆಕ್ನಾಲಜಿ ಎಂದು ಕರೆಯುವುದಕ್ಕೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಇನ್ಫರ್ಮೇಷನ್ ಸೈನ್ಸ್ ಎಂದು ಹೆಸರು. ವಿಟಿಯುವಿನ 2022ರ ಸ್ಕೀಮ್, ಅಂದರೆ ಪಠ್ಯಕ್ರಮದ ಪಟ್ಟಿ, ತೆರೆದು ನೋಡಿದರೆ ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಷನ್ ಸೈನ್ಸ್ ಎರಡಕ್ಕೂ ಮೂರನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಮತ್ತು ಆಪರೇಟಿಂಗ್ ಸಿಸ್ಟಮ್, ನಾಲ್ಕರಲ್ಲಿ ಅಲ್ಗಾರಿದಮ್ಸ್ ಮತ್ತು ಡೇಟಾಬೇಸ್, ಐದರಲ್ಲಿ ಕಂಪ್ಯೂಟರ್ ನೆಟ್‌ವರ್ಕ್ಸ್. ವ್ಯತ್ಯಾಸ ಶುರುವಾಗುವುದು ಮುಂದಿನ ಕೆಲವು ವಿಷಯಗಳಲ್ಲಿ ಮತ್ತು ಎಲೆಕ್ಟಿವ್‌ಗಳಲ್ಲಿ. ಕ್ಯಾಂಪಸ್‌ಗೆ ಬರುವ ಕಂಪನಿಗಳು ಈ ಎರಡು ಬ್ರಾಂಚ್‌ಗಳನ್ನು ಸಾಮಾನ್ಯವಾಗಿ ಒಟ್ಟಿಗೇ ಕರೆಯುತ್ತವೆ. ಎಐ-ಎಂಎಲ್, ಡೇಟಾ ಸೈನ್ಸ್ ಎಂಬ ಹೊಸ ಹೆಸರಿನ ಬ್ರಾಂಚ್‌ಗಳಿಗೂ ಬುನಾದಿ ಇದೇ. ಹೆಸರು ನೋಡಿ ಹೆಚ್ಚು ಹಣ ಕಟ್ಟಬೇಡಿ. ಸ್ಕೀಮ್ ಆಗಾಗ ಬದಲಾಗುತ್ತಿರುತ್ತದೆ, ಹಾಗಾಗಿ ಅವಳು ಸೇರುವ ವರ್ಷದ್ದು ಯಾವುದೋ ಅದನ್ನೇ ವಿಟಿಯು ತಾಣದಿಂದ ಇಳಿಸಿಕೊಂಡು ಇಟ್ಟುಕೊಳ್ಳಲಿ. ಸೀನಿಯರ್‌ಗಳ ಹಳೆಯ ಸಿಲಬಸ್ ನಂಬಿ ಓದಿ, ಪರೀಕ್ಷೆಗೆ ವಾರ ಇರುವಾಗ ಎಡವುವವರು ಪ್ರತಿ ವರ್ಷ ಇರುತ್ತಾರೆ.

ಇನ್ನು ಊರು. ಶಿವಮೊಗ್ಗದಲ್ಲಿ 1980ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಇಂಜಿನಿಯರಿಂಗ್ ಕಾಲೇಜಿದೆ, ಸಾಗರ ರಸ್ತೆಯಲ್ಲಿ ಪಿಇಎಸ್ ಇದೆ. ಸ್ವಲ್ಪ ದೂರ ಎಂದರೆ ಚಿಕ್ಕಮಗಳೂರಿನ ಆದಿಚುಂಚನಗಿರಿ, ದಾವಣಗೆರೆಯ ಕಾಲೇಜುಗಳು. ವಿಟಿಯು ಪರೀಕ್ಷೆ ಬರೆಸುವ ಕಾಲೇಜು ಯಾವ ಊರಲ್ಲಿದ್ದರೂ ಪ್ರಶ್ನೆಪತ್ರಿಕೆ ಒಂದೇ. ಅಟಾನಮಸ್ ಕಾಲೇಜುಗಳು ಮಾತ್ರ ತಮ್ಮ ಪತ್ರಿಕೆ ತಾವೇ ತಯಾರಿಸುತ್ತವೆ. ಬೆಂಗಳೂರಿನಲ್ಲಿ ಓದುವವರಿಗೆ ಒಂದು ಅನುಕೂಲ ಇರುವುದು ನಿಜ: ಕ್ಯಾಂಪಸ್‌ಗೆ ಬರುವ ಕಂಪನಿಗಳ ಸಂಖ್ಯೆ ಹೆಚ್ಚು, ಓದುತ್ತಲೇ ಕಂಪನಿಯೊಂದರಲ್ಲಿ ಇಂಟರ್ನ್ ಆಗಿ ಹೋಗಿಬರುವುದು ಸುಲಭ. ಆದರೆ ಅದು ಅಲ್ಲಿನ ಮೊದಲ ಸಾಲಿನ ಕಾಲೇಜುಗಳ ಮಾತು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೈಗೆಟುಕುವ ಕಾಲೇಜು ಆ ಸಾಲಿನಲ್ಲಿದೆಯೇ ಎಂದು ನೋಡಿಯೇ ಮಾತಾಡಬೇಕು.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಲ್ಯಾಬ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಕ್ಲಾಸ್ ಮುಗಿದ ಮೇಲೆ ಮಕ್ಕಳನ್ನು ಕೂರಲು ಬಿಡುತ್ತಾರೆಯೇ, ಹಾಸ್ಟೆಲ್‌ನಲ್ಲಿ ವೈಫೈ ಎಷ್ಟು ಹೊತ್ತು ಇರುತ್ತದೆ ಎಂದು ಎರಡನೇ ವರ್ಷದ ಇಬ್ಬರು ಹುಡುಗಿಯರನ್ನು ಕೇಳಿ. ಪ್ಲೇಸ್‌ಮೆಂಟ್ ಪಟ್ಟಿ ತೋರಿಸಿದರೆ ಆಫರ್‌ಗಳ ಸಂಖ್ಯೆಯಲ್ಲ, ಕೆಲಸ ಸಿಕ್ಕ ವಿದ್ಯಾರ್ಥಿಗಳ ಸಂಖ್ಯೆ ಕೇಳಿ. ಒಬ್ಬಳಿಗೆ ಮೂರು ಆಫರ್ ಬಂದರೆ ಪಟ್ಟಿಯಲ್ಲಿ ಮೂರು ಎಂದೇ ಎಣಿಸಿರುತ್ತಾರೆ.

ಸೀಟಿನ ಲೆಕ್ಕದಲ್ಲಿ ನೀವು ಬಿಟ್ಟಿರುವ ಒಂದು ಮುಖ್ಯ ಸಂಗತಿ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳಿಗೆ ಸಿಇಟಿಯಲ್ಲಿ ಎರಡು ಮೀಸಲಾತಿ ಅನ್ವಯಿಸಬಹುದು: ಗ್ರಾಮೀಣ 15 ಶೇಕಡಾ, ಕನ್ನಡ ಮಾಧ್ಯಮ 5 ಶೇಕಡಾ. ಎರಡಕ್ಕೂ ಶಾಲೆಯ ಮುಖ್ಯ ಶಿಕ್ಷಕರು ಕೊಟ್ಟು ಬಿಇಒ ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಅರ್ಜಿ ತುಂಬುವಾಗಲೇ ಇವನ್ನು ಕ್ಲೇಮ್ ಮಾಡಿದ್ದೀರಾ ಎಂದು ಇವತ್ತೇ ತೆಗೆದು ನೋಡಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ ಸೀಟುಗಳನ್ನೂ ಬಿಡಬೇಡಿ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು-ಬ್ರಾಂಚ್‌ಗಳ ಪಟ್ಟಿ ತುಂಬುವಾಗ, ಹೆಚ್ಚಿನವರು ಮಾಡುವ ತಪ್ಪೆಂದರೆ ಸಿಗುತ್ತದೆ ಅನ್ನಿಸಿದ್ದನ್ನು ಮೇಲೆ ಹಾಕುವುದು. ಹಾಗಲ್ಲ, ನಿಮಗೆ ಬೇಕಾದದ್ದನ್ನು ಬೇಕಾದ ಕ್ರಮದಲ್ಲೇ ಹಾಕಿ. ಶಿವಮೊಗ್ಗದ ಕಂಪ್ಯೂಟರ್ ಸೈನ್ಸ್ ಒಂದನೆಯದು, ಇನ್ಫರ್ಮೇಷನ್ ಸೈನ್ಸ್ ಎರಡನೆಯದು ಎಂದು ಹಾಕಿದರೆ ಒಂದನೆಯದು ಸಿಗದಿದ್ದಾಗ ಎರಡನೆಯದಕ್ಕೆ ಏನೂ ಧಕ್ಕೆ ಇಲ್ಲ. ಉಲ್ಟಾ ಹಾಕಿದರೆ ಮಾತ್ರ, ಮೇಲಿನದು ಸಿಕ್ಕಿತೆಂದರೆ ಕೆಳಗಿನವೆಲ್ಲ ಅಳಿಸಿಹೋಗುತ್ತವೆ. ಸೀಟು ಬಂದ ಮೇಲೆ ಚಾಯ್ಸ್ ಒಂದು ಎಂದರೆ ಒಪ್ಪಿ ಸೇರುವುದು. ಎರಡು ಎಂದರೆ ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರು ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು ಒತ್ತಿದರೆ ಆಟದಿಂದಲೇ ಹೊರಗೆ. ಸೈಬರ್ ಸೆಂಟರ್‌ನವರ ಕೈಗೆ ಮೌಸ್ ಕೊಟ್ಟು ನೀವು ದೂರ ಕೂರಬೇಡಿ.

ಇಂಜಿನಿಯರಿಂಗ್ ಬೇಡ ಎನ್ನಿಸಿದರೆ ಕುವೆಂಪು ವಿಶ್ವವಿದ್ಯಾಲಯದ ಬಿಸಿಎ ಕೂಡ ಒಳ್ಳೆಯ ದಾರಿಯೇ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಆಮೇಲೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು ಎರಡು ವರ್ಷದ ಎಂಸಿಎ ಮಾಡಬಹುದು. ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ಖರ್ಚು ಕಡಿಮೆ. ಆದರೆ ಇಂಜಿನಿಯರಿಂಗ್ ಸೀಟು ಕೈಯಲ್ಲಿದ್ದಾಗ ಅದನ್ನು ಬಿಟ್ಟು ಇದಕ್ಕೆ ಬರಲು ಕಾರಣ ಕಾಣುವುದಿಲ್ಲ.

ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎಲ್ಲ ಬ್ರಾಂಚ್‌ನವರಿಗೂ ಹೆಚ್ಚುಕಡಿಮೆ ಒಂದೇ ಊಟ. ಕಂಪ್ಯೂಟರ್ ಓದಲು ಬಂದವಳಿಗೆ ಬೇಸರವಾಗುತ್ತದೆ, ಆಗಲಿ. ವಿಟಿಯುವಿನಲ್ಲಿ 50 ಅಂಕ ಕಾಲೇಜಿನ ಒಳಗಿನ ಮೌಲ್ಯಮಾಪನಕ್ಕೆ, 50 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. 2022ರ ಸ್ಕೀಮ್‌ನ ಪ್ರಕಾರ ಒಳಗಿನದರಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40 ಬರಬೇಕು. 20ಕ್ಕೆ 18 ಸೇರಿಸಿದರೆ 38 ಎಂಬುದನ್ನು ಗಮನಿಸಿ: ಎರಡು ಕಡೆಯೂ ಅಂಚಿನಲ್ಲಿ ಪಾಸಾದವಳು ಒಟ್ಟಿನಲ್ಲಿ ಫೇಲಾಗುತ್ತಾಳೆ. ಹಾಜರಾತಿ 85 ಶೇಕಡಾ ಕಡ್ಡಾಯ. ಅಡಿಕೆ ಕೊಯ್ಲಿಗೆ, ಮನೆಯ ಮದುವೆಗೆ ಎಂದು ವಾರಗಟ್ಟಲೆ ಊರಿಗೆ ಕರೆಸಿಕೊಳ್ಳುವಾಗ ಈ ಸಂಖ್ಯೆ ನೆನಪಿರಲಿ. ಇದಲ್ಲದೆ ಪದವಿ ಮುಗಿಯುವುದರೊಳಗೆ ತರಗತಿಯಾಚೆಯ ಚಟುವಟಿಕೆಗಳಿಂದ 100 ಆಕ್ಟಿವಿಟಿ ಪಾಯಿಂಟ್ ಕೂಡಿಸಬೇಕು, ಅದನ್ನು ಎಂಟನೇ ಸೆಮಿಸ್ಟರ್‌ಗೆ ಉಳಿಸಿಕೊಂಡರೆ ಪರದಾಟ.

ಇಂಗ್ಲಿಷ್ ಹೆದರಿಕೆ ಎರಡು ಥರ, ಎರಡಕ್ಕೂ ಮದ್ದು ಬೇರೆ. ಪುಸ್ತಕದ ಇಂಗ್ಲಿಷ್ ಸಣ್ಣ ಜಗತ್ತು: ಒಂದು ವಿಷಯದಲ್ಲಿ ಮತ್ತೆ ಮತ್ತೆ ಬರುವ ಪಾರಿಭಾಷಿಕ ಪದಗಳು ಇನ್ನೂರು ಮುನ್ನೂರಕ್ಕಿಂತ ಹೆಚ್ಚಿರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪದ, ಕನ್ನಡದಲ್ಲಿ ಅರ್ಥ, ಒಂದು ಉದಾಹರಣೆ ಬರೆಯುತ್ತ ಹೋದರೆ ಒಂದೇ ಸೆಮಿಸ್ಟರ್‌ನಲ್ಲಿ ಹತೋಟಿಗೆ ಬರುತ್ತದೆ. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್, ಸಿ, ಪೈಥಾನ್, ಜಾವಾ ಮುಂತಾದ ಪಾಠಗಳಿವೆ, ಹಲವಕ್ಕೆ ಕನ್ನಡದ ಧ್ವನಿಯೂ ಇದೆ. ಪ್ರತಿ ಪಾಠ ಹತ್ತು ನಿಮಿಷದ ಆಸುಪಾಸು, ನೋಡುತ್ತ ಪಕ್ಕದಲ್ಲೇ ಮಾಡುತ್ತ ಹೋಗುವಂತೆ ಕಟ್ಟಿದ್ದು. ವಿಷಯ ಕನ್ನಡದಲ್ಲಿ ಒಮ್ಮೆ ತಲೆಗೆ ಹತ್ತಿದ ಮೇಲೆ ಅದೇ ವಿಷಯದ ಎನ್‌ಪಿಟಿಇಎಲ್ (ಐಐಟಿ ಮೇಷ್ಟ್ರುಗಳ ಆನ್‌ಲೈನ್ ತರಗತಿ) ಪಾಠ ಇಂಗ್ಲಿಷಿನಲ್ಲಿ ಕೇಳಲಿ, ಅದೂ ಉಚಿತ. ಮಾತಾಡುವ ಇಂಗ್ಲಿಷ್ ಬೇರೆ ಕಸುಬು. ಅದಕ್ಕೆ ವ್ಯಾಕರಣದ ಕ್ಲಾಸು ಬೇಡ. ಅವತ್ತು ಬರೆದ ಪ್ರೋಗ್ರಾಮ್ ಏನು ಮಾಡುತ್ತದೆ ಎಂದು ದಿನಾ ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ತಾನೇ ಕೇಳಿಸಿಕೊಳ್ಳಲಿ. ಸಂದರ್ಶನದಲ್ಲಿ ಕೇಳುವುದೂ ಅದನ್ನೇ.

ಈಗ ಲ್ಯಾಬ್. ಮೇಷ್ಟ್ರು ಕೊಟ್ಟ ಹತ್ತು-ಹನ್ನೆರಡು ಪ್ರೋಗ್ರಾಮ್‌ಗಳನ್ನು ಸೀನಿಯರ್‌ನ ರೆಕಾರ್ಡ್‌ನಿಂದ ಇಳಿಸಿ, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಚೀಟಿಗೆ ಬಂದದ್ದನ್ನು ಬರೆದರೆ ಅಂಕ ಬಂದೇ ಬರುತ್ತದೆ. ಅಪಾಯ ಇರುವುದೇ ಅಲ್ಲಿ. ಮಾರ್ಕ್ಸ್ ಕಾರ್ಡ್ ನೋಡಿ ಎಲ್ಲ ಬರುತ್ತದೆ ಎಂದುಕೊಂಡವಳಿಗೆ ಏಳನೇ ಸೆಮಿಸ್ಟರ್‌ನಲ್ಲಿ "ಇದೇ ಪ್ರೋಗ್ರಾಮನ್ನು ಸ್ವಲ್ಪ ಬದಲಾಯಿಸಿ" ಎಂದಾಗ ಕೈ ಓಡುವುದಿಲ್ಲ. ಬಾಯಿಪಾಠದಿಂದ ಹೊರಬರಲು ಇರುವ ದಾರಿ, ಕೊಟ್ಟ ಪ್ರೋಗ್ರಾಮನ್ನು ಬೇಕೆಂದೇ ಕೆಡಿಸಿ, ಏಕೆ ಕೆಟ್ಟಿತು ಎಂದು ಹುಡುಕುವುದು. ಒಂದು ಉದಾಹರಣೆ ಕೊಡುತ್ತೇವೆ, ಅವಳೇ ಕೂತು ಮಾಡಿ ನೋಡಲಿ.

ಹಿಂದುಮುಂದು ಒಂದೇ ರೀತಿ ಓದುವ ಪದವನ್ನು ಪತ್ತೆ ಮಾಡುವ ಪ್ರೋಗ್ರಾಮ್ ಪ್ರತಿ ಕಾಲೇಜಿನಲ್ಲೂ ಬರೆಸುತ್ತಾರೆ. ಅದಕ್ಕೆ ಇಂಗ್ಲಿಷ್ ಪದದ ಬದಲು ನಮ್ಮ "ವಿಕಟಕವಿ" ಕೊಡಲಿ. ಪೈಥಾನ್‌ನಲ್ಲಿ ಪದವನ್ನು ತಿರುಗಿಸಿ ಹೋಲಿಸಿದರೆ ಉತ್ತರ: ಅಲ್ಲ! ಮಗುವಿಗೂ ಗೊತ್ತಿರುವುದು ಕಂಪ್ಯೂಟರಿಗೆ ಏಕೆ ತಿಳಿಯಲಿಲ್ಲ? ಪದದ ಉದ್ದ ಕೇಳಿದರೆ 7 ಎನ್ನುತ್ತದೆ, ನಾವು ಓದುವುದು ಐದೇ ಅಕ್ಷರ. ಪ್ರತಿ ಲಿಪಿಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಿ "ವಿ" ಎಂಬುದು ಒಂದಲ್ಲ, ಎರಡು ಸಂಕೇತ: ಮೊದಲು ವ, ಅದರ ನಂತರ ಗುಡಿಸಿನ ಚಿಹ್ನೆ. ತಿರುಗಿಸಿದಾಗ ಗುಡಿಸು ಮುಂದೆ ಬಂದು ಪದವೇ ಕುಲಗೆಟ್ಟುಹೋಗುತ್ತದೆ. ಇದನ್ನೇ ಸಿ ಭಾಷೆಯಲ್ಲಿ ಮಾಡಿದರೆ ಉದ್ದ 21 ಬರುತ್ತದೆ, ಏಕೆಂದರೆ ಅದು ಬೈಟ್ ಎಣಿಸುತ್ತದೆ, ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಅಲ್ಲಿ ತಿರುಗಿಸಿದರೆ ಸಂಕೇತದ ಒಳಗಿನ ಬೈಟ್‌ಗಳೇ ತಲೆಕೆಳಗಾಗಿ ಪರದೆಯ ಮೇಲೆ ಕಸ ಕಾಣುತ್ತದೆ. "ಶಿವಮೊಗ್ಗ" ಕೊಟ್ಟು ನೋಡಿದರೆ ಓದುವುದು 4 ಅಕ್ಷರ, ಸಂಕೇತ 8, ಬೈಟ್ 24.

ಪರಿಹಾರವನ್ನು ಅವಳು ಒಂದನೇ ತರಗತಿಯ ಕಾಗುಣಿತದಿಂದಲೇ ಕಟ್ಟಬಹುದು. ಎಡದಿಂದ ಒಂದೊಂದೇ ಸಂಕೇತ ಓದುತ್ತ ಹೋಗಬೇಕು. ಸ್ವರ ಅಥವಾ ವ್ಯಂಜನ ಬಂದು, ಅದರ ಹಿಂದಿನದು ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ ಅಲ್ಲದಿದ್ದರೆ ಅಲ್ಲಿಂದ ಹೊಸ ಅಕ್ಷರ ಶುರು. ಗುಣಿತ ಚಿಹ್ನೆ, ಅನುಸ್ವಾರ, ವಿಸರ್ಗ, ವಿರಾಮ ಯಾವುದು ಬಂದರೂ ಹಿಂದಿನ ಅಕ್ಷರಕ್ಕೇ ಅಂಟಿಸಬೇಕು. ಹೀಗೆ ಒಡೆದ ತುಂಡುಗಳ ಪಟ್ಟಿಯನ್ನು ತಿರುಗಿಸಿದರೆ ವಿಕಟಕವಿ ವಿಕಟಕವಿಯಾಗಿಯೇ ಬರುತ್ತದೆ. ಇಷ್ಟಕ್ಕೆ ನಿಲ್ಲದೆ "ಮೊ" ಅಕ್ಷರದ ಗುಣಿತವನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಲು ಸಾಧ್ಯ ಎಂಬುದನ್ನು ಅವಳು ಪತ್ತೆ ಮಾಡಿದರೆ, ಕಣ್ಣಿಗೆ ಒಂದೇ ಥರ ಕಾಣುವ ಎರಡು "ಶಿವಮೊಗ್ಗ" ಹುಡುಕಾಟದಲ್ಲಿ ಹೊಂದದೇ ಹೋಗುವುದು ಏಕೆ ಎಂದು ಅರ್ಥವಾಗುತ್ತದೆ. ಹೋಲಿಸುವ ಮೊದಲು ಎರಡನ್ನೂ, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಸರಿಹೋಗುತ್ತದೆ. ಹೆಸರು ಮತ್ತು ವಿಳಾಸಗಳನ್ನು ಕನ್ನಡದಲ್ಲಿ ಇಡುವ ಯಾವ ವ್ಯವಸ್ಥೆಯಲ್ಲೂ ಇದು ನಿಜವಾದ ತಲೆನೋವು. ಲ್ಯಾಬ್‌ನ ಒಂದು ಪುಟದ ಪ್ರೋಗ್ರಾಮ್‌ನಿಂದ ಎನ್‌ಕೋಡಿಂಗ್, ಪಟ್ಟಿ, ಲೂಪ್, ಗಡಿ ಪ್ರಕರಣ ಎಲ್ಲ ಸಿಕ್ಕಿತು. ಸಂದರ್ಶನದಲ್ಲಿ ಇದನ್ನು ವಿವರಿಸುವವಳು ಸಾವಿರ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್‌ಗಳ ನಡುವೆ ನೆನಪಿನಲ್ಲಿ ಉಳಿಯುತ್ತಾಳೆ.

ಡೇಟಾಬೇಸ್ ಸೆಮಿಸ್ಟರ್‌ಗೆ ಪ್ರಾಜೆಕ್ಟ್ ಎಲ್ಲಿಂದ ತರಲಿ ಎಂದು ಅವಳು ಕೇಳಿದರೆ, ನಿಮ್ಮ ಮನೆಯಲ್ಲೇ ಇದೆ. ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ: ಸರಕು, ಬೆಟ್ಟೆ, ರಾಶಿ, ಗೊರಬಲು, ದಿನಾಂಕವಾರು ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚು ವಹಿವಾಟು ನಡೆದ) ದರ, ಕ್ವಿಂಟಾಲ್ ಲೆಕ್ಕದಲ್ಲಿ. ಎಸ್‌ಕ್ಯೂಲೈಟ್ ಬಳಸಲಿ. ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು, ನೆಟ್ ಇಲ್ಲದೆಯೂ ನಡೆಯುತ್ತದೆ. ಎಲ್ಲರೂ ಮಾಡುವ ಮೊದಲ ತಪ್ಪು ಎಲ್ಲವನ್ನೂ ಒಂದೇ ಟೇಬಲ್‌ಗೆ ತುಂಬುವುದು. ವಾರದೊಳಗೆ ಅದರಲ್ಲಿ "ರಾಶಿ", "ರಾಶಿ ಇಡಿ", "ರಾಶಿ " ಎಂದು ಕೊನೆಯಲ್ಲೊಂದು ಖಾಲಿ ಜಾಗ ಇರುವುದು, ಹೀಗೆ ಒಂದೇ ಅಡಿಕೆಗೆ ಮೂರು ಹೆಸರು ಸೇರಿ ಸರಾಸರಿ ತಪ್ಪಾಗಿ ಬರುತ್ತದೆ. ಬಗೆಗಳಿಗೆ ಒಂದು ಟೇಬಲ್, ಮಾರುಕಟ್ಟೆಗಳಿಗೆ ಒಂದು, ದರಕ್ಕೆ ಒಂದು. ದರದ ಟೇಬಲ್‌ನಲ್ಲಿ ಹೆಸರಿನ ಬದಲು ಐಡಿ. ಮಾರುಕಟ್ಟೆ, ಬಗೆ, ದಿನಾಂಕ ಮೂರೂ ಸೇರಿ ಯುನೀಕ್ ಎಂದು ಕಟ್ಟಿದರೆ ಅದೇ ದಿನದ ಮಾಹಿತಿ ಎರಡು ಸಲ ತುಂಬಿದರೂ ನಕಲಾಗುವುದಿಲ್ಲ. ದರವನ್ನು ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯಾಗಿ) ಇಡದೆ ಪೂರ್ಣ ರೂಪಾಯಿಯಲ್ಲೇ ಇಡಲಿ. ಎಸ್‌ಕ್ಯೂಲೈಟ್‌ನ ಒಂದು ಮೋಸ: ದರದ ಟೇಬಲ್‌ನ ಐಡಿ ಬಗೆಗಳ ಟೇಬಲ್‌ನಲ್ಲಿ ಇರಲೇಬೇಕು ಎನ್ನುವ ಫಾರಿನ್ ಕೀ ಬರೆದರೂ ಅದು ತಾನಾಗಿ ತಪಾಸಣೆ ಮಾಡುವುದಿಲ್ಲ, ಪ್ರತಿ ಸಲ ಕನೆಕ್ಷನ್ ತೆರೆದಾಗಲೂ ಆನ್ ಮಾಡಬೇಕು. ಇದು ಗೊತ್ತಿಲ್ಲದೆ ಇಲ್ಲದ ಬಗೆಯ ಅಡಿಕೆಗೂ ದರ ತುಂಬಿ ಕೂತಿರುತ್ತಾರೆ.

ಮಲೆನಾಡಿನ ಕರೆಂಟು ಇಲ್ಲಿ ಪಾಠವನ್ನೂ ಕಲಿಸುತ್ತದೆ. ಐದು ಸಾವಿರ ಸಾಲು ತುಂಬುತ್ತಿರುವಾಗ ಅರ್ಧದಲ್ಲಿ ಯಂತ್ರ ನಿಂತರೆ ಏನಾಗುತ್ತದೆ? ಸಾಲುಗಳನ್ನು ಬಿಡಿಬಿಡಿಯಾಗಿ ತುಂಬಿದ್ದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದೇ ತಿಳಿಯದು, ಮೇಲಾಗಿ ಪ್ರತಿ ಸಾಲಿಗೂ ಡಿಸ್ಕ್‌ಗೆ ಬರೆದು ಕಾಯುವುದರಿಂದ ನಿಧಾನ. ಎಲ್ಲವನ್ನೂ ಒಂದು ಟ್ರಾನ್ಸಾಕ್ಷನ್‌ನೊಳಗೆ ಇಟ್ಟರೆ ಬಂದರೆ ಐದು ಸಾವಿರವೂ ಬರುತ್ತವೆ, ಇಲ್ಲದಿದ್ದರೆ ಒಂದೂ ಇಲ್ಲ. ತುಂಬುತ್ತಿರುವಾಗ ಬೇಕೆಂದೇ ಪ್ರೋಗ್ರಾಮನ್ನು ಕೊಂದು, ಫೋಲ್ಡರ್ ತೆರೆದು ನೋಡಲಿ. ಡೇಟಾಬೇಸ್ ಫೈಲಿನ ಪಕ್ಕ ಜರ್ನಲ್ ಎಂಬ ಬಾಲವುಳ್ಳ ಇನ್ನೊಂದು ಫೈಲು ಬಿದ್ದಿರಬಹುದು. ಮುಂದಿನ ಸಲ ತೆರೆದಾಗ ಅದನ್ನು ಓದಿಯೇ ಎಸ್‌ಕ್ಯೂಲೈಟ್ ಹಳೆಯ ಸ್ಥಿತಿಗೆ ಮರಳುತ್ತದೆ. ಕಸ ಎಂದು ಅದನ್ನು ಅಳಿಸಿದರೆ ಡೇಟಾಬೇಸೇ ಕೆಡಬಹುದು. ಪುಸ್ತಕದಲ್ಲಿ ಅಟಾಮಿಸಿಟಿ ಎಂದು ಒಂದು ಸಾಲಿನಲ್ಲಿರುವುದು ಇದೇ.

ಇಷ್ಟೂ ಕೆಲಸವನ್ನು ಮೊದಲ ದಿನದಿಂದಲೇ ಗಿಟ್‌ನಲ್ಲಿ, ಅಂದರೆ ಪ್ರೋಗ್ರಾಮ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ತಂತ್ರಾಂಶದಲ್ಲಿ, ಇಡಲಿ. ಅದನ್ನು ಅಂತರ್ಜಾಲದಲ್ಲಿ ಇಡುವ ತಾಣ ಗಿಟ್ ಹಬ್ ಬೇರೆ, ಗಿಟ್ ಬೇರೆ: ಗಿಟ್‌ಗೆ ಇಂಟರ್ನೆಟ್ ಬೇಡ. ಮನೆಯಲ್ಲಿ ಕಮಿಟ್ ಮಾಡಿಕೊಂಡು (ಬದಲಾವಣೆ ದಾಖಲಿಸಿ), ನೆಟ್‌ವರ್ಕ್ ಸಿಗುವ ಕಡೆ ಹೋದಾಗ ಪುಶ್ ಮಾಡಿದರಾಯಿತು (ತಾಣಕ್ಕೆ ಕಳಿಸಿದರಾಯಿತು). ದೊಡ್ಡ ಪ್ರಾಜೆಕ್ಟ್‌ಗಳನ್ನು ಇಳಿಸುವಾಗ ಪೂರ್ತಿ ಇತಿಹಾಸ ತರದೆ ಕೊನೆಯ ಒಂದು ಹಂತ ಮಾತ್ರ ತರುವ ಡೆಪ್ತ್ ಆಯ್ಕೆ ಇದೆ, ಡೇಟಾ ಬಹಳ ಉಳಿಯುತ್ತದೆ. ಪೈಥಾನ್‌ನ ದಾಖಲೆಗಳನ್ನು ಜಿಪ್ ಆಗಿ ಇಳಿಸಿಕೊಳ್ಳಬಹುದು. ಜೀಲ್ ಎಂಬ ಉಚಿತ ತಂತ್ರಾಂಶದಲ್ಲಿ ಹತ್ತಾರು ಭಾಷೆಗಳ ಕೈಪಿಡಿಗಳನ್ನು ಹಾಸ್ಟೆಲ್ ವೈಫೈನಲ್ಲಿ ತುಂಬಿಕೊಂಡರೆ ಜುಲೈ ಮಳೆಯಲ್ಲೂ ಓದು ನಿಲ್ಲುವುದಿಲ್ಲ.

ಎಐ ಚಾಟ್‌ಬಾಟ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಅವಳು ಬಳಸದೇ ಇರುವುದಿಲ್ಲ, ಬಳಸಬಾರದು ಎನ್ನುವುದೂ ಸರಿಯಲ್ಲ. ಕ್ರಮ ಮಾತ್ರ ಇರಲಿ: ಮೊದಲು 40 ನಿಮಿಷ ತಾನೇ ಬರೆಯಲಿ, ಆಮೇಲೆ ಕೇಳಲಿ, ಬಂದ ಉತ್ತರದಲ್ಲಿ ವಿವರಿಸಲಾಗದ ಸಾಲು ಒಂದಿದ್ದರೂ ಅದನ್ನು ತನ್ನ ಪ್ರೋಗ್ರಾಮಿಗೆ ಸೇರಿಸದಿರಲಿ. ಬರೆಯಲು ಕಲಿಯುವ ಮುಂಚೆಯೇ ಕೇಳಲು ಕಲಿತವರಿಗೆ ಉತ್ತರ ತಪ್ಪಾಗಿದ್ದರೂ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪ್: 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಇಂಟೆಲ್ ಐ5 ಅಥವಾ ರೈಜನ್ 5 ಮಟ್ಟದ ಈಚಿನ ಪ್ರೊಸೆಸರ್, ಫುಲ್ ಎಚ್‌ಡಿ ಪರದೆ, ಒಂದೂವರೆ ಕಿಲೋ ಆಸುಪಾಸಿನ ತೂಕ. ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಬೇಡ, ಅದು ದುಡ್ಡನ್ನೂ ಬ್ಯಾಟರಿಯನ್ನೂ ತಿನ್ನುತ್ತದೆ. ಬಜೆಟ್ ಸಾಲದಿದ್ದರೆ 8 ಜಿಬಿಯದ್ದು ಕೊಳ್ಳಿ, ಆದರೆ ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದೋ, ಸೇರಿಸಲು ಖಾಲಿ ಸ್ಲಾಟ್ ಇದೆಯೋ ಎಂದು ಅಂಗಡಿಯಲ್ಲೇ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ. ಮೂಲ ಸಾಮರ್ಥ್ಯಕ್ಕೂ ಈಗ ಪೂರ್ತಿ ತುಂಬುವ ಸಾಮರ್ಥ್ಯಕ್ಕೂ ಬಹಳ ಅಂತರವಿದ್ದರೆ ಬ್ಯಾಟರಿ ಬದಲಾಯಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಲಿನಕ್ಸ್ ಬೇಕೇ ಬೇಕು. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕುವುದು ಸುಲಭ, ಅದಕ್ಕೆ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇರಬೇಕು. ಎರಡೂ ಬೇರೆ ಬೇರೆ ಹಾಕುವ ಡ್ಯುಯಲ್ ಬೂಟ್ ಮಾಡುವುದಾದರೆ ಪಾರ್ಟಿಷನ್ ಮುಟ್ಟುವ ಮುಂಚೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲಿ. ಕೀ ಇಲ್ಲದೆ ಬೀಗ ಬಿದ್ದರೆ ಒಳಗಿದ್ದದ್ದು ಹೋದ ಹಾಗೆಯೇ.

ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಕಬ್ಬಿಣದ ಬೀರುವಿನಲ್ಲಿ ಜೋಪಾನ ಮಾಡಬೇಡಿ. ಬಟ್ಟೆಗೆ ಬೂಷ್ಟು ಹಿಡಿಯುವ ಜಾಗದಲ್ಲಿ ಬೋರ್ಡಿಗೂ ತೇವ ಕೂರುತ್ತದೆ. ದಿನಾ ಒಂದು ಗಂಟೆ ಓಡಿಸಿದರೆ ಅದರ ಬಿಸಿಯೇ ತೇವ ಹೊರಹಾಕುತ್ತದೆ. ಗುಡುಗು ಕೇಳಿದೊಡನೆ ಚಾರ್ಜರ್ ಮತ್ತು ರೂಟರ್ ಅಡಾಪ್ಟರ್ ಎರಡನ್ನೂ ಸಾಕೆಟ್‌ನಿಂದ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಫೈಬರ್ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ಅಡಾಪ್ಟರ್ ತಂತಿಯಲ್ಲಿ, ತಾಮ್ರದ ಲ್ಯಾನ್ ಕೇಬಲ್‌ನಲ್ಲಿ ಹರಿಯುತ್ತದೆ.

ಎರಡನೇ ವರ್ಷದ ಕೊನೆಯಿಂದ ಪ್ಲೇಸ್‌ಮೆಂಟ್‌ನ ತಯಾರಿ ಶುರುವಾಗಬೇಕು. ಅರೇ, ಸ್ಟ್ರಿಂಗ್, ಹ್ಯಾಶಿಂಗ್, ಲಿಂಕ್ಡ್ ಲಿಸ್ಟ್, ಸ್ಟ್ಯಾಕ್, ಟ್ರೀ, ಗ್ರಾಫ್, ಸರಳ ಡೈನಮಿಕ್ ಪ್ರೋಗ್ರಾಮಿಂಗ್ ಸೇರಿ 150ರಿಂದ 200 ಸಮಸ್ಯೆಗಳನ್ನು ಒಂದೂವರೆ ವರ್ಷದಲ್ಲಿ ಬಿಡಿಸಿದರೆ ಸಾಕು, ಸಾವಿರ ಬೇಡ. ಉತ್ತರ ನೋಡಿ ಬಿಡಿಸಿದ್ದನ್ನು ವಾರ ಬಿಟ್ಟು ನೋಡದೆ ಮತ್ತೆ ಬಿಡಿಸಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಹತ್ತನೇ ತರಗತಿ, ಪಿಯುಸಿ, ಇಂಜಿನಿಯರಿಂಗ್ ಮೂರರಲ್ಲೂ 60 ಶೇಕಡಾ ಎಂಬ ಗೆರೆ ಸಾಮಾನ್ಯ, ಜೊತೆಗೆ ಬಾಕಿ ಉಳಿದ ವಿಷಯ ಇರಬಾರದು. ಪರೀಕ್ಷೆಯೇ ಬರೆಯಲು ಬಿಡದೆ ಹೊರಗಿಡುವುದು ಈ ಗೆರೆ. ರೆಸ್ಯೂಮ್ ಒಂದೇ ಪುಟ. ಅದರಲ್ಲಿ ಬರೆದ ಪ್ರತಿ ಪದದ ಮೇಲೂ ಐದು ನಿಮಿಷ ಪ್ರಶ್ನೆ ಬರುತ್ತದೆ ಎಂದೇ ತಿಳಿದು ಬರೆಯಬೇಕು.

ಇಂಟರ್ನ್‌ಶಿಪ್ ಹೆಸರಲ್ಲಿ ನಿಮ್ಮಿಂದಲೇ ದುಡ್ಡು ಕೇಳುವವರು ಮಾರುವುದು ಸರ್ಟಿಫಿಕೇಟನ್ನು ಮಾತ್ರ, ಅದು ಸಂದರ್ಶನದಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅದಕ್ಕಿಂತ ಶಿವಮೊಗ್ಗದ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಲ್ಲೋ, ಯಾವುದಾದರೂ ಸಹಕಾರ ಸಂಘದ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವವರ ಬಳಿಯೋ ಎರಡು ತಿಂಗಳು ನಿಜವಾದ ಗ್ರಾಹಕರ ಬೈಗುಳ ಕೇಳುತ್ತ ಕೆಲಸ ಮಾಡುವುದು ಲೇಸು. ಕೆಲಸದ ಆಫರ್ ಬಂದಾಗ ಬಾಂಡ್ ಎಷ್ಟು ವರ್ಷ, ಮುರಿದರೆ ಎಷ್ಟು ಹಣ, ಮೂಲ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತಾರೆಯೇ ಎಂದು ಓದಿ ಸಹಿ ಮಾಡಿ. ಮೂಲ ಅಂಕಪಟ್ಟಿ ಮಾತ್ರ ಯಾರ ಕೈಗೂ ಬಿಡಬೇಡಿ.

ಕೊನೆಗೆ, ಊರಲ್ಲೇ ಕೂತು ಕೆಲಸ. ಆಗುತ್ತದೆ, ಆದರೆ ಓದು ಮುಗಿಸಿದ ಕೂಡಲೇ ಅಲ್ಲ. ಮೊದಲ ಎರಡು ಮೂರು ವರ್ಷ ಆಫೀಸಿನಲ್ಲಿ ಹಿರಿಯರ ಪಕ್ಕ ಕೂತು ಕಲಿಯುವುದು ಪರದೆಯ ಮೂಲಕ ಬರುವುದಿಲ್ಲ, ಹೊಸಬರಿಗೆ ಕಂಪನಿಗಳೂ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆಮೇಲೆ ಬರುವುದಾದರೆ ಮನೆಯ ಲೆಕ್ಕ ಹೀಗೆ: ಲ್ಯಾಪ್‌ಟಾಪ್, ರೂಟರ್, ಒಂದು ಬಲ್ಬು ಸೇರಿ 80 ವ್ಯಾಟ್ ಎಂದುಕೊಳ್ಳಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಹೆಸರಿಗೆ 1800 ವ್ಯಾಟ್ ಅವರ್ ಇದ್ದರೂ ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರಿನ ನಷ್ಟವೂ ಇದೆ, ಕೈಗೆ ಸಿಗುವುದು 1100ರ ಆಸುಪಾಸು. ಅಂದರೆ 13-14 ಗಂಟೆ, ಬ್ಯಾಟರಿ ಹೊಸದಿದ್ದಾಗ. ಇನ್ವರ್ಟರ್ ಇಲ್ಲದವರು ರೂಟರ್‌ಗೆಂದೇ ಬರುವ ಪುಟ್ಟ ಡಿಸಿ ಯುಪಿಎಸ್ ಹಾಕಿಕೊಳ್ಳಬಹುದು, ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಪಿನ್ನಿನ ಪ್ಲಸ್-ಮೈನಸ್ ಗುರುತು ಹೊಂದುತ್ತದೆಯೇ ನೋಡಿ, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಲಿ. ಇಂಟರ್ನೆಟ್ ಎರಡು ಬೇಕು, ಅದೂ ಎರಡು ಬೇರೆ ಕಂಪನಿಯದು: ಒಂದು ಫೈಬರ್, ಇನ್ನೊಂದು ಸಿಮ್. ಗಾಳಿಗೆ ಮರ ಬಿದ್ದು ಫೈಬರ್ ಹರಿದರೆ ಸರಿಯಾಗಲು ದಿನಗಳೇ ಹಿಡಿಯಬಹುದು. ಸಿಮ್ ಕೊಳ್ಳುವ ಮುಂಚೆ ಮಳೆ ಬರುವ ಒಂದು ಸಂಜೆ, ಮನೆಯ ಒಳಗೇ ಕೂತು, ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ವೇಗ ಅಳೆಯಿರಿ. ವಿಡಿಯೋ ಮೀಟಿಂಗ್‌ಗೆ 2 ಎಂಬಿಪಿಎಸ್ ಏರಿಳಿತವಿಲ್ಲದೆ ನಿಂತರೆ ಸಾಕು.